ನಾಲ್ಕೂವರೆಯ ಅಲರ್ಟ್

ಮಸ್ಕತ್‌ನ ಆಸ್ಪತ್ರೆಗೆ ನರ್ಸ್ ಆಗಿ ಬರುವ ಮೊದಲು, ಹನ್ನೊಂದು ವರ್ಷದ ಮಗಳನ್ನು ತಂಗಿಯ ಮನೆಯಲ್ಲಿ ಬಿಟ್ಟು, ಅವಳ ಮೊಬೈಲಿಗೆ ಲಾಕ್ ಹಾಕಿಸಿದ್ದೆ. ಅವಳು ಕೆಟ್ಟ ಸೈಟ್ ಒತ್ತಿದರೆ ಅದು ತೆರೆಯುವುದಿಲ್ಲ, ನನ್ನ ಫೋನಿಗೆ ಅಲರ್ಟ್ ಬರುತ್ತದೆ.

ಎರಡು ತಿಂಗಳು ಏನೂ ಬರಲಿಲ್ಲ. ಡ್ಯೂಟಿ ಗಡಿಬಿಡಿಯಲ್ಲಿ ನಾನು ಭಾನುವಾರಕ್ಕೊಮ್ಮೆ ಫೋನ್ ಮಾಡಿದರೆ ಅದೇ ಹೆಚ್ಚು.

ಒಂದು ದಿನ ಬಂದೇಬಿಟ್ಟಿತು. ರೋಗಿಯ ಬಿ.ಪಿ. ನೋಡುತ್ತಿದ್ದವಳು ಹೊರಗೋಡಿ ಮಗಳಿಗೆ ಫೋನ್ ಮಾಡಿದೆ. ಮೊದಲ ರಿಂಗಿಗೇ ಎತ್ತಿದಳು. ಬೈದದ್ದಕ್ಕೆಲ್ಲ ಹೂಂ ಅಂದು, ಕೊನೆಗೆ "ಊಟ ಆಯ್ತಾಮ್ಮ?" ಅಂದಳು.

ಆಮೇಲೆ ದಿನಾ ಅದೇ: ಅಲರ್ಟ್, ಹಿಂದೆಯೇ ನನ್ನ ಫೋನ್. ಶಾಲೆಯಿಂದ ಬಂದ ಹೊತ್ತಿಗೆ, ಸರಿಯಾಗಿ ನಾಲ್ಕೂವರೆಗೆ.

ತಂಗಿಯನ್ನು ತರಾಟೆಗೆ ತೆಗೆದುಕೊಂಡೆ. "ಮನೇಲೇ ಇದ್ದು ಏನು ಮಾಡ್ತೀಯೆ? ಒಂದು ಮಗು ನೋಡ್ಕೊಳ್ಳೋಕಾಗಲ್ವಾ?"

"ಲಾಕ್ ಇರೋದು ನಿನ್ನ ಕೈಲಿ ಅಕ್ಕ, ಬೈಗುಳ ಮಾತ್ರ ನನಗಾ?"

ಸರಿ, ಲಾಕನ್ನೂ ಅವಳ ಕೈಗೇ ಕೊಡೋಣ ಅಂದುಕೊಂಡೆ. ಅಂದು ಅಲರ್ಟ್ ಬಂದ ಕೂಡಲೇ ಮಗಳಿಗೆ ಫೋನ್ ಮಾಡಿದೆ.

"ತೆರೆಯಲ್ಲ ಅಂತ ಗೊತ್ತಿದ್ದೂ ಯಾಕೆ ಅದನ್ನೇ ಒತ್ತುತ್ತೀಯ?"

"ಸುಮ್ನೆ."

"ಸರಿ, ನಾಳೆಯಿಂದ ಅಲರ್ಟ್ ಚಿಕ್ಕಮ್ಮಂಗೆ ಹೋಗತ್ತೆ. ಅವಳೇ ವಿಚಾರಿಸ್ಕೋತಾಳೆ."

"ಬೇಡಮ್ಮ."

"ಯಾಕೆ, ಏಟು ಬೀಳತ್ತೆ ಅಂತ ಭಯಾನಾ?"

"ಅಲ್ಲಮ್ಮ. ಚಿಕ್ಕಮ್ಮಂಗೆ ಅಲರ್ಟ್ ಹೋದ್ರೆ ನೀನು ಫೋನ್ ಮಾಡಲ್ವಲ್ಲ."