ನೋಡಿದವರ ಲೆಕ್ಕ

ವಿಚ್ಛೇದನವಾಗಿ ಎರಡು ವರ್ಷ ಕಳೆದ ಮೇಲೆ, ಅಮ್ಮನೇ ಮುಂದೆ ನಿಂತು ನಳಿನಿಯ ಫೋಟೊ, ಜಾತಕ ಎಲ್ಲವನ್ನೂ ವಧೂವರರ ವೆಬ್‌ಸೈಟಿಗೆ ಹಾಕಿದ್ದಳು. ಹಳೆಯ ಗಂಡನೂ ಅಲ್ಲೇ ತನ್ನ ಫೋಟೊ ಹಾಕಿಕೊಂಡಿದ್ದ. ನಳಿನಿ ಮೊದಲ ದಿನ ಅದನ್ನು ನೋಡಿದ್ದು ಕೈತಪ್ಪಿನಿಂದ. ಆಮೇಲೆ ನೋಡದೆ ಇರಲಾಗಲಿಲ್ಲ. ಇವತ್ತು ಆಫೀಸಿನಲ್ಲಿ ಯಾರೋ, "ಆ ವೆಬ್‌ಸೈಟಲ್ಲಿ ನಮ್ಮ ಫೋಟೊ ಯಾರು ಇಣುಕಿ ನೋಡಿದ್ರೂ ನಮಗೆ ಗೊತ್ತಾಗತ್ತೆ" ಎಂದದ್ದೇ ತಡ, ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ. ಮನೆಗೆ ಬಂದವಳೇ ವರಾಂಡದಲ್ಲಿ ನಿಂತು ಕಸ್ಟಮರ್ ಕೇರಿಗೆ ಫೋನು ಮಾಡಿದಳು. ನಡುಮನೆಯಲ್ಲಿ ಅಮ್ಮ ಅವರೆಕಾಳು ಹಿತಕುತ್ತಿದ್ದಳು.

ಅವಳ ಹೆಸರು, ಹುಟ್ಟಿದ ದಿನ, ನೋಡಿದ್ದು ಯಾರ ಫೋಟೊ ಎಂದೆಲ್ಲ ಕೇಳಿಕೊಂಡು ಆ ಕಡೆಯ ಹುಡುಗಿ ಹೇಳಿದಳು: "ಹೌದು ಮೇಡಂ. ನೀವು ನೋಡಿದ ಪ್ರತಿಸಲಾನೂ ಅವರಿಗೆ ಮೆಸೇಜ್ ಹೋಗತ್ತೆ."

ನಳಿನಿ ದನಿ ತಗ್ಗಿಸಿದಳು. "ಅದನ್ನ ಅಳಿಸಿಬಿಡಿ. ಅವರು ಏನಂದ್ಕೊಂಡಾರು?"

"ಅಳಿಸೋಕಾಗಲ್ಲ ಮೇಡಂ. ಅದಕ್ಯಾಕೆ ಇಷ್ಟು ಗಾಬರಿ? ನೀವು ನೋಡಿರೋದು ಹತ್ತೊಂಬತ್ತು ಸಲ. ಅವರು ನಿಮ್ಮದನ್ನ ನಲವತ್ತು ಸಲ ನೋಡಿದಾರೆ. ಒಂದ್ಸಲ ಮಾತಾಡಬೇಕು ಅಂತ ಮೂರು ಸಲ ಕೇಳ್ಕೊಂಡಿದಾರೆ. ನೀವೇ ಬೇಡ ಅಂದಿದೀರಿ."

"ನಾನಾ? ನನಗೆ ಒಂದು ಮೆಸೇಜೂ ಬಂದಿಲ್ಲ."

"ಎಲ್ಲಾ ಬಂದಿದೆ ಮೇಡಂ, ಸೇರುವಾಗ ಕೊಟ್ಟ ನಂಬರಿಗೆ. ಉತ್ತರಾನೂ ಅಲ್ಲಿಂದಲೇ ಬಂದಿದೆ. ಕೊನೇಲಿ ನಾಲ್ಕು, ಒಂದು."

ನಳಿನಿ ತಿರುಗಿ ನೋಡಿದಳು. ಆ ನಂಬರಿನ ಫೋನನ್ನು ಅಮ್ಮ ಮೆಲ್ಲಗೆ ಸೆರಗಿನಡಿ ಸರಿಸಿಕೊಂಡು, ಇನ್ನೊಂದು ಕಾಳು ಹಿತಕಿದಳು.