ಬೊಮ್‌ಸೊಕ್‌ನ ಹಾಡು

ಹೆಲ್ಮೆಟ್ ಕಳಚಿ ಬೊಮ್‌ಸೊಕ್ ಕ್ಷಮೆ ಕೇಳಲು ಗ್ಯಾಲರಿಯತ್ತ ಸೊಂಟ ಬಗ್ಗಿಸಿ ನಿಂತ. ಅವನು ಬ್ಯಾಟ್ ಹಿಡಿದು ಬಂದರೆ ಸಾಕು, ಅವನ ಹೆಸರಿನ ಹಾಡು ಅಲ್ಲಿಂದ ಎದ್ದುಬಿಡುತ್ತಿತ್ತು. ಇವತ್ತು ಅಭಿಮಾನಿಗಳ ಡೋಲಿಗೂ ಉಸಿರಿಲ್ಲ. ಅಲ್ಲಿ ಕೂತವರೆಲ್ಲ ಊರಿನ ಹಡಗುಕಟ್ಟೆಯ ಕೆಲಸಗಾರರು. ‘ಹಡಗು ಕಟ್ಟುವ ಕೂಲಿಗಳಿಗೆ ಬೇಸ್‌ಬಾಲ್ ಏನು ಗೊತ್ತು’ ಎಂದು ಇನ್‌ಸ್ಟಾಗ್ರಾಂನಲ್ಲಿ ಬರೆದವನು ಅವನೇ. ತಲೆ ಎತ್ತಲು ಧೈರ್ಯ ಬರಲಿಲ್ಲ.

“ಸಾಕು, ತಲೆ ಎತ್ತಪ್ಪಾ,” ಮುಂದಿನ ಸಾಲಿನಿಂದ ವೆಲ್ಡಿಂಗ್ ಮಾಡುವ ಹೆಂಗಸೊಬ್ಬಳು ಕೂಗಿದಳು. “ಕೂಲಿಗಳು ನಾವು, ಬೆಳಿಗ್ಗೆ ಕೆಲಸಕ್ಕೆ ಹೋಗ್ಬೇಕು. ನೀನು ಬಗ್ಗಿಕೊಂಡೇ ಇದ್ರೆ ಆಟ ಮುಗಿಯೋದ್ಯಾವಾಗ?” ಅವನು ನೆಟ್ಟಗೆ ನಿಂತು ಹೆಲ್ಮೆಟ್ ಹಾಕಿಕೊಂಡ.

ಡೋಲಿಗೆ ಪೆಟ್ಟು ಬಿತ್ತು. ಅವನದೇ ಹಾಡು. ಎದೆ ಹಗುರಾಗುವಷ್ಟರಲ್ಲಿ, ಅವನ ಹೆಸರು ಬರಬೇಕಾದ ಕಡೆ ಇಡೀ ಗ್ಯಾಲರಿ ಬಾಯಿ ಮುಚ್ಚಿಕೊಂಡಿತು. ಡೋಲಷ್ಟೇ ಬಡಿಯಿತು. ಮತ್ತೆ ಹಾಡು, ಮತ್ತೆ ಅದೇ ಮೌನ. ಬ್ಯಾಟ್ ಎತ್ತಿ ಹಿಡಿದು ಅವನು ಚೆಂಡಿಗೆ ಕಾದ.