ಏಳೇಟಿನ ಸೀನು

ಹೆಂಡತಿಯ ಕೈಯಲ್ಲಿ ಗಂಡ ಏಳು ಏಟು ತಿನ್ನುವ ಸೀನಿಲ್ಲದ ಹಾಸ್ಯನಾಟಕ ಆ ಸೀಮೆಯಲ್ಲಿ ಈಗ ಸಿಗುವುದಿಲ್ಲ. ಮೊದಲು ಅದು ಒಂದೇ ಏಟಿನದಾಗಿತ್ತು, ಅದೂ ಸುಳ್ಳೇಟು. ಚನ್ನವೀರಪ್ಪನ ಕಂಪನಿಯಲ್ಲಿ ನೀಲವ್ವ ತನ್ನ ಗಂಡ ದುಂಡಪ್ಪನ ಕೆನ್ನೆಯ ಹತ್ತಿರ ಗಾಳಿಯಲ್ಲಿ ಕೈ ಬೀಸಿದಾಗ, ಪರದೆಯ ಪಕ್ಕದಲ್ಲಿ ಕೂತ ಹುಸೇನಸಾಬ ತಬಲಾದ ಮೇಲೆ ಫಟಾರ್ ಎಂದು ಬಾರಿಸುತ್ತಿದ್ದ. ಬಿಡಾರದಲ್ಲಿ ಮಾತ್ರ ದುಂಡಪ್ಪನೇ ಹೊಡೆಯುವವನು. ಅಲ್ಲಿ ತಬಲಾ ಬೇಕಿರಲಿಲ್ಲ.

ಒಂದು ದಿನ ಮುಂಜಾನೆ ದುಂಡಪ್ಪ ಅವಳ ಜಡೆ ಹಿಡಿದು ಟ್ರಂಕಿಗೆ ಹಣೆ ಜಜ್ಜುತ್ತಿದ್ದಾಗ ಮಾಲೀಕ ಚನ್ನವೀರಪ್ಪ ಇಣುಕಿದ.

"ಮಾರಿಗೆ ಹೊಡಿಬ್ಯಾಡೋ, ಸಂಜಿಗೆ ಆಟ ಐತಿ," ಎಂದು ಹೇಳಿ ಚಹಾ ಕುಡಿಯಲು ಹೋದ.

ಸಂಜೆ ಗಾಯದ ಮೇಲೆ ದಪ್ಪಗೆ ಬಣ್ಣ ಬಳಿದುಕೊಂಡು ನೀಲವ್ವ ರಂಗಕ್ಕೆ ಬಂದಳು. ಕೈ ಬೀಸಿದಳು. ಆ ಸಪ್ಪಳಕ್ಕೆ ಕೊನೆಯ ಸಾಲಿನವರೂ ಎದ್ದು ನಿಂತರು. ದುಂಡಪ್ಪ ಗಿರ್ರನೆ ತಿರುಗಿ ಬಿದ್ದ.

"ವನ್ಸ್ ಮೋರ್!"

ಜನ ಹಾಗೆಂದರೆ ಮತ್ತೆ ಆಡಲೇಬೇಕು, ಅದು ಕಂಪನಿಯ ಕಾನೂನು. ನೀಲವ್ವ ಗಂಡನನ್ನು ಎಬ್ಬಿಸಿ ನಿಲ್ಲಿಸಿದಳು. ಹೀಗೆ ಏಳು ಸಲ. ದುಂಡಪ್ಪನ ಬಾಯಿಂದ ಕೆಂಪಗೆ ಸೋರಿತು. ಬಡ್ಡಿಮಗ ಎಲೆಅಡಿಕೆ ಹಾಕಿಕೊಂಡೇ ರಂಗಕ್ಕೆ ಬಂದಿದ್ದಾನೆ ಎಂದುಕೊಂಡ ಚನ್ನವೀರಪ್ಪ.

ಪರದೆ ಬಿದ್ದದ್ದೇ ತಡ, ಅವನು ಓಡಿಹೋಗಿ ಹುಸೇನಸಾಬನ ಬೆನ್ನು ತಟ್ಟಿದ. "ಭಪ್ಪರೆ ಸಾಬಾ, ಏನ್ ಬಾರಿಸಿದ್ಯೋ! ನಾಳಿಂದ ದಿನಾ ಏಳ ಏಟು. ಸಪ್ಪಳ ಹಿಂಗ ಬರಬೇಕು ನೋಡು."

"ಆ ಸೀನಿನಾಗ ನಾ ತಬಲಾ ಮುಟ್ಟೇ ಇಲ್ರಿ, ಧಣ್ಯಾರ. 'ಕಾಕಾ, ಆ ಏಟಿಗೆ ಇವತ್ತ ನಿಮಗ ಸೂಟಿ' ಅಂದಿದ್ಲು ಆಕಿ."